ಅವರದ್ದು ಛಲವಂತೆ, ನಮ್ಮದು ಹಠವಂತೆ

ನಮ್ಮ ಮನೆಯಲ್ಲಿ ಹಠ ಮಾಡುವವನು ಮಗ. ಮೊಂಡು ಬಿದ್ದಿರುವವಳು ನಾನು. ನಮ್ಮನೆಯವರದ್ದು ಮಾತ್ರ ಛಲ. ಹೀಗಂತ ತೀರ್ಪು ಕೊಟ್ಟವರು ನಮ್ಮತ್ತೆ, ಮೇಲ್ಮನವಿಗೆ ಅವಕಾಶವಿಲ್ಲ.

ಮಗ ಉಪ್ಪಿಟ್ಟು ಬೇಡ ಅಂತ ತುಟಿ ಬಿಗಿ ಹಿಡಿದು ಕೂತರೆ ಹಠ. ಜೊತೆಗೆ ಕಣ್ಣೀರೂ ಬಂದರೆ ರಚ್ಚೆ. ಸೂಜಿಮೊನೆಯಷ್ಟು ಜಾಗ ಕೊಡಲ್ಲ ಅಂತ ಕೂತು ಮನೆಮಂದಿಯನ್ನೆಲ್ಲ ಕಳಕೊಂಡ ದುರ್ಯೋಧನನನ್ನು ಮಾತ್ರ ಪಂಪ ಹತ್ತನೇ ಶತಮಾನದಲ್ಲೇ ‘ಛಲದೊಳ್ ದುರ್ಯೋಧನಂ’ ಅಂತ ಹೊಗಳಿಬಿಟ್ಟ. ಅವನಿಗೆ ಪಂಪ ಸಿಕ್ಕಿದ, ನನ್ನ ಮಗನಿಗೆ ಅಜ್ಜಿ ಸಿಕ್ಕರು, ಏನ್ಮಾಡೋದು.

ಈ ಛಲದ ಪೂರ್ತಿ ದರ್ಶನ ಆಗಿದ್ದು ತಿಪಟೂರಿನ ಮದುವೆಗೆ ಹೊರಟಾಗ. ಬೆಂಗಳೂರಿನಿಂದ ಹೋಗುವವರು ತುಮಕೂರಿನಲ್ಲಿ ಗುಬ್ಬಿ ರಸ್ತೆಗೆ ತಿರುಗಬೇಕು. ನೇರ ಹೋದರೆ ಶಿರಾ. ಇವರು ನೇರ ಹೋದರು. ‘ರೀ, ಮ್ಯಾಪ್ ಹಾಕ್ಲಾ?’ ಅಂದೆ. ‘ನಂಗೊತ್ತಿಲ್ವೇನೇ ಈ ರೋಡು?’ ಅಂದರು. ಕಳ್ಳಂಬೆಳ್ಳದ ಬೋರ್ಡು ಕಂಡಾಗ ಸ್ಟೀರಿಂಗ್ ಮೇಲಿನ ಬೆರಳು ಒಂಚೂರು ತಾಳ ತಪ್ಪಿದ್ದು ನಾನು ನೋಡಿದೆ. ಆದರೂ ಬಾಯಿ ಬಿಡಲಿಲ್ಲ. ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರು, ಇಳಿದರು, ಟೀ ಕುಡಿದರು, ಅಂಗಡಿಯವನ ಹತ್ತಿರ ಮಳೆ ಬೆಳೆ ವಿಚಾರಿಸಿದರು, ದುಡ್ಡು ಕೊಟ್ಟರು, ದಾರಿ ಮಾತ್ರ ಕೇಳದೆ ಬಂದು ಕೂತರು.

ಸಾಲ ತೀರಿಸುವ ಶಕ್ತಿ ಇದ್ದೂ ತೀರಿಸದವರಿಗೆ ಬ್ಯಾಂಕಿನವರು ‘ಉದ್ದೇಶಪೂರ್ವಕ ಸುಸ್ತಿದಾರ’ ಅಂತಾರೆ ಅಲ್ವಾ. ಬಾಯಿದ್ದೂ ದಾರಿ ಕೇಳದವರಿಗೆ ಏನಂತಾರೋ! ನಮ್ಮೂರ ಕಡೆ ಸುಮ್ನೆ ‘ಬೇಕಂತಲೇ ಮಾಡ್ತಾನೆ’ ಅಂದು ಮುಗಿಸುತ್ತಾರೆ. ಆ ‘ಬೇಕಂತಲೇ’ಯಲ್ಲಿ ಇರುವಷ್ಟು ಉರಿ ಯಾವ ದೊಡ್ಡ ಪದದಲ್ಲೂ ಇಲ್ಲ, ನೋಡಿ.

ಗಾಡಿ ವಾಪಸ್ ತಿರುಗಿಸುವ ಮಾತೇ ಇಲ್ಲವಂತೆ. ಶಿರಾ, ಬುಕ್ಕಾಪಟ್ಟಣ, ಹುಳಿಯಾರು, ಚಿಕ್ಕನಾಯಕನಹಳ್ಳಿ, ಹೀಗೆ ಅರ್ಧ ಜಿಲ್ಲೆ ಸುತ್ತಿ ಛತ್ರ ಮುಟ್ಟುವಷ್ಟರಲ್ಲಿ ತಾಳಿ ಕಟ್ಟಿ ಎಷ್ಟೋ ಹೊತ್ತಾಗಿತ್ತು, ಕೊನೇ ಪಂಕ್ತಿಯ ಎಲೆಗಳನ್ನೂ ಎತ್ತುತ್ತಿದ್ದರು. ನಮಗೆ ಸಿಕ್ಕಿದ್ದು ಅನ್ನ, ತಿಳಿಸಾರು, ಮಜ್ಜಿಗೆ. ಹಿಂದಿನ ಸೀಟಿನಲ್ಲಿ ಕುಲುಕಿ ಕುಲುಕಿ ಸೊಂಟ ಹಿಡಿದುಕೊಂಡಿದ್ದ ಅತ್ತೆ, ಬೀಗರ ಮುಂದೆ ಮಾತ್ರ ‘ಹಿಡಿದದ್ದು ಬಿಡೋನಲ್ಲ ನನ್ನ ಮಗ, ಅಂತೂ ತಂದು ಮುಟ್ಟಿಸಿದ’ ಅಂದರು.

ಬರುವಾಗ ನಾನೇ ಮ್ಯಾಪ್ ಹಾಕಿದೆ. ಇವರು ತಕರಾರು ಮಾಡಲಿಲ್ಲ. ಆದರೆ ಮ್ಯಾಪಿನ ಹೆಂಗಸು ‘ಎಡಕ್ಕೆ ತಿರುಗಿ’ ಅಂದಾಗಲೆಲ್ಲ, ಆ ಮಾತು ಕಿವಿಗೇ ಬೀಳಲಿಲ್ಲ ಅನ್ನೋ ಹಾಗೆ ಆಚೆ ಈಚೆ ನೋಡಿ, ಆಮೇಲೆ ತಮಗೇ ಹೊಳೆದವರಂತೆ ನಿಧಾನಕ್ಕೆ ಇಂಡಿಕೇಟರ್ ಹಾಕುತ್ತಿದ್ದರು.