ಕಾಫಿ, ಟೀ ಲೆಕ್ಕಕ್ಕಿಲ್ಲ ಅಂದ್ರೆ ಹೇಗೆ?

ದಿನಕ್ಕೆ ಎಷ್ಟು ನೀರು ಕುಡಿಯಬೇಕು ಅನ್ನುವ ನಿಮ್ಮ ಲೇಖನದಲ್ಲಿ 'ಕಾಫಿ, ಟೀ ಮೈಯ ನೀರನ್ನೇ ಹೊರಗೆ ಹಾಕುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ' ಅಂತ ಬರೆದಿದ್ದೀರಿ. ಇದೊಂದು ಮಾತು ನಾನು ಒಪ್ಪುವುದಿಲ್ಲ. ಕೆಫೀನ್‌ನಿಂದ ಮೂತ್ರ ಸ್ವಲ್ಪ ಜಾಸ್ತಿ ಆಗಬಹುದು, ನಿಜ. ಆದರೆ ಲೋಟದ ತುಂಬ ಇರುವುದು ನೀರೇ ಅಲ್ವಾ? ದಿನಕ್ಕೆ ಎರಡು ಮೂರು ಲೋಟ ಕುಡಿಯುವವರಿಗೆ ಹೊರಗೆ ಹೋಗುವುದಕ್ಕಿಂತ ಒಳಗೆ ಉಳಿಯುವುದೇ ಹೆಚ್ಚು.

ತಿನ್ನುವುದರಿಂದ ಸಿಗುವ ನೀರನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಸೌತೆಕಾಯಿಯಲ್ಲಿ ಸುಮಾರು 95%, ಕಲ್ಲಂಗಡಿಯಲ್ಲಿ 92% ನೀರೇ ಇರುತ್ತದೆ. ನಮ್ಮಪ್ಪನಿಗೆ 78 ವರ್ಷ. ವಯಸ್ಸಾದ ಮೇಲೆ ಬಾಯಾರಿಕೆ ಸರಿಯಾಗಿ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ತುಂಬಿಸಿಟ್ಟ ಬಾಟಲಿ ಸಂಜೆಗೂ ಹಾಗೇ ಇರುತ್ತಿತ್ತು. 'ನೀರು ಕುಡಿಯಪ್ಪಾ' ಅಂತ ಹೇಳಿ ಹೇಳಿ ನನಗೂ ಸಾಕು, ಕೇಳಿ ಕೇಳಿ ಅವರಿಗೂ ಸಾಕು. ಈಗ ಸೌತೆಕಾಯಿ ಹೆಚ್ಚಿ, ಅವರು ಪೇಪರ್ ಓದುವ ಜಾಗದಲ್ಲಿ ಸುಮ್ನೆ ಇಟ್ಟುಬಿಡುತ್ತೇನೆ. ಮೊದಲ ಪುಟ ಮುಗಿಯುವಷ್ಟರಲ್ಲಿ ತಟ್ಟೆ ಖಾಲಿ!

ಅಂದಹಾಗೆ, 'ಎಷ್ಟು ಕುಡಿದರೂ ತೊಂದರೆ ಇಲ್ಲ' ಅನ್ನುವ ಸಾಲನ್ನೂ ದಯವಿಟ್ಟು ತಿದ್ದಿ. ಕಿಡ್ನಿ, ಹೃದಯದ ತೊಂದರೆ ಇರುವ ಎಷ್ಟೋ ಜನರಿಗೆ ಡಾಕ್ಟರೇ ಅಳತೆ ಹಾಕಿ ಕೊಟ್ಟಿರುತ್ತಾರೆ.