ಅರ್ತ್ ವೈರಿನ ಬಳೆ

ಹಾರ್ಡ್‌ವೇರ್ ಅಂಗಡಿಗೆ ಹೆಂಗಸರು ಹೋದರೆ ಮೊದಲು ಎದುರಾಗುವ ಪ್ರಶ್ನೆ, "ಯಾವ ಕೆಲಸಕ್ಕೆ ಮೇಡಂ?" ಬಂಗಾರದ ಅಂಗಡಿಯಲ್ಲಿ ಹೀಗೆ ಕೇಳೋದನ್ನ ನಾನಂತೂ ಕಂಡಿಲ್ಲ.

14 ಗೇಜಿನ ತಾಮ್ರದ ಅರ್ತ್ ವೈರ್ ಕೇಳಿದೆ.

"ಪಂಪ್‌ಸೆಟ್ಟಿಗಾ, ಮನೆಗಾ?"

"ಕೈಗೆ."

ತಂತಿ ತೂಕಕ್ಕಿಡುತ್ತಿದ್ದವರು ಹಾಗೇ ನಿಂತುಬಿಟ್ಟರು. "ಕರೆಂಟಿನ ವಿಷಯ ಮೇಡಂ, ಯಾರಾದ್ರೂ ಎಲೆಕ್ಟ್ರಿಷಿಯನ್‌ನ ಕಳಿಸಿ."

ಈಗಿನ ಚಿನ್ನದ ರೇಟು ಕೇಳಿದವರಿಗೆ ಅರ್ತ್ ವೈರೂ ಚಂದವೇ. ಪ್ಲಾಸ್ಟಿಕ್ ಸುಲಿಯುವ ಕಷ್ಟವಿಲ್ಲ, 2 ಮಿಲಿಮೀಟರ್ ದಪ್ಪದ ಬರೀ ತಾಮ್ರ. ಮನೆ ವೈರಿಂಗಿಗೆ ಈಗ ಸಿಗುವ ವೈರನ್ನು ಸುಲಿದರೆ ಒಳಗೆ ಕೂದಲಿನಂಥ ಎಳೆಗಳು. ಬಳೆ ಆಗಲ್ಲ, ಜಡೆ ಹೆಣೆಯಬಹುದು ಅಷ್ಟೇ.

ಬಳೆ ಅಂಗಡಿಯವರ 2-6 ಸೈಜು ಅಂದರೆ 2 ಇಂಚು, ಅದರ ಮೇಲೆ ಇಂಚಿನ 16ರಲ್ಲಿ 6 ಪಾಲು. ಒಟ್ಟು 60 ಮಿಲಿಮೀಟರ್ ಚಿಲ್ಲರೆ. ಪ್ಲಂಬರುಗಳು 2 ಇಂಚು ಅನ್ನುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಹೊರಗಿನ ಅಳತೆಯೂ ಅಷ್ಟೇ! ನಮ್ಮ ತಾರಸಿಯ ಟ್ಯಾಂಕಿನಿಂದ ಇಳಿಯುವ ಪೈಪು ಅದೇ ಜಾತಿಯದ್ದು. ಅದಕ್ಕೇ ತಂತಿ ಸುತ್ತಿ ಮರದ ಸುತ್ತಿಗೆಯಿಂದ ಬಡಿಯತೊಡಗಿದೆ.

ಆ ಸದ್ದು ಪೈಪಿನ ಜೊತೆ ಮೂರೂ ಮಹಡಿಯ ಬಚ್ಚಲಿಗೆ ಇಳಿಯಿತು. ಪ್ಲಂಬರ್ ಬಂದಿದ್ದಾನೆ, ಇನ್ನೇನು ನೀರು ನಿಲ್ಲುತ್ತೆ ಅಂತ ಎಲ್ಲರೂ ಬಕೆಟ್ಟು, ಕೊಡ, ಕುಕ್ಕರನ್ನೂ ಬಿಡದೆ ತುಂಬಿಸಿಕೊಂಡರು. ಟ್ಯಾಂಕು ಖಾಲಿ. ನೀರು ನಿಜವಾಗಿಯೂ ನಿಂತಿತು. "ನಾನು ಹೇಳ್ಲಿಲ್ವಾ?" ಅಂದರು ಕೆಳಗಿನ ಮನೆ ಆಂಟಿ, ಹೆಮ್ಮೆಯಿಂದ.

ಇಷ್ಟಾದರೂ ಕೈಬಿಟ್ಟ ತಕ್ಷಣ ತಂತಿ ಬಿಚ್ಚಿಕೊಂಡು 2-8 ಆಗುತ್ತಿತ್ತು. ತಾಮ್ರದ ಸ್ವಭಾವವೇ ಹಾಗೆ. ಬಡಿದಷ್ಟೂ ಗಟ್ಟಿಯಾಗುತ್ತೆ. ಗ್ಯಾಸ್ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಹೇಳಿದಂತೆ ಕೇಳುತ್ತೆ. (ಜಿಐ ತಂತಿಯನ್ನು ಮಾತ್ರ ಹೀಗೆ ಕಾಯಿಸಬೇಡಿ, ಅದರ ಸತುವಿನ ಹೊಗೆ ಕೆಟ್ಟದ್ದು.) ಆಮೇಲೆ ತುದಿಗಳನ್ನು ಅರದಲ್ಲಿ ಉಜ್ಜಲೇಬೇಕು, ಇಲ್ಲದಿದ್ದರೆ ಸೀರೆ ನೆರಿಗೆಯನ್ನೆಲ್ಲ ಎಳೆದುಕೊಂಡೇ ಬರುತ್ತೆ.

ಬೆವರು ತಗುಲಿ ಸಂಜೆಗೆ ಮಣಿಕಟ್ಟಿನ ಸುತ್ತ ಹಸಿರು ಗೆರೆ.

"ಇದೇನೇ, ಕೈಗೆ ಪಾಚಿ ಕಟ್ಟಿದೆ!" ಅಂದರು ಅತ್ತೆ.

ಒಳಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದರೆ ಹಸಿರು ಹತ್ತಲ್ಲ. ಅದಕ್ಕೂ ಮೊದಲು ಕಾಯಿಸಿದ ಕಪ್ಪು ಹೋಗಬೇಕಲ್ವಾ? ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಾ ಕೂತೆ. ಬಳೆ ಥಳಥಳ ಅನ್ನತೊಡಗಿತು. ಅತ್ತೆ ಬಂದು ನೋಡಿದರು, ತಲೆದೂಗಿದರು, ದೇವರ ಮನೆಗೆ ಹೋದರು. ಹೊಗಳೋಕೆ ಮಾತು ಹುಡುಕ್ತಿದ್ದಾರೆ ಅಂದುಕೊಂಡೆ.

"ಹೇಗೂ ಹುಣಸೆಹಣ್ಣು ನೆನೆಸಿದ್ದೀಯಲ್ಲ," ಅಂತ ಪಂಚಪಾತ್ರೆ, ಉದ್ಧರಣೆ, ಹರಿವಾಣ, ಕಲಶದ ಚೊಂಬು ಎಲ್ಲ ತಂದು ಮುಂದಿಟ್ಟರು. "ಹಂಡೆ ಆಮೇಲೆ ಉರುಳಿಸಿಕೊಂಡು ಬರ್ತೀನಿ."