ಮೂವತ್ತು ಕಿಲೋ ನಾದ

ಅಸಲು ಬೇರೆ, ನಕಲು ಬೇರೆ ಎನ್ನುವ ದ್ವೈತಿಗಳಿಗೂ, ಎರಡೂ ಒಂದೇ, ಭೇದವೆಲ್ಲ ಕಿವಿಯ ಭ್ರಮೆ ಎನ್ನುವ ಅದ್ವೈತಿಗಳಿಗೂ ನಡೆಯುವ ವಾದ ಗಿಟಾರ್ ನುಡಿಸುವವರ ನಡುವೆ ಇನ್ನೂ ಬಿಸಿಯಾಗಿಯೇ ಇದೆ. ಗಾಜಿನ ಟ್ಯೂಬುಗಳುಳ್ಳ ಆಂಪ್ಲಿಫೈಯರೇ ಅಸಲು ಎಂಬುದು ಮೊದಲಿನವರ ಮತ. ಅದೇ ನಾದವನ್ನು ಕಂಪ್ಯೂಟರ್ ಚಿಪ್‌ನೊಳಗೆ ಲೆಕ್ಕ ಹಾಕಿ ಹೊರಡಿಸುವ ಮಾಡೆಲಿಂಗ್ ಆಂಪ್ಲಿಫೈಯರ್ ಸಾಕು ಎಂಬುದು ಎರಡನೆಯವರದು. ನಾನು ಹುಟ್ಟಾ ದ್ವೈತಿ. ಅಜ್ಜನ ಮನೆಯ ವಾಲ್ವ್ (ಅದೂ ಇಂಥದೇ ಗಾಜಿನ ಟ್ಯೂಬು) ರೇಡಿಯೋ ಸ್ವಿಚ್ ಹಾಕಿದ ಮೇಲೆ ಅರ್ಧ ನಿಮಿಷ ಧ್ಯಾನ ಮಾಡಿ, ಆಮೇಲಷ್ಟೇ ಮೈಸೂರು ಆಕಾಶವಾಣಿಯನ್ನು ಬಾಯಿಗೆ ತರುತ್ತಿದ್ದುದನ್ನು ಕಂಡು ಬೆಳೆದವನಿಗೆ, ಬಿಸಿಯಾಗದೆ ಮಾತಾಡುವ ಯಂತ್ರಗಳನ್ನು ನಂಬುವುದು ಕಷ್ಟ.

ಆದ್ದರಿಂದ ಅಮೆರಿಕದಿಂದ ಮರಳಿದವರೊಬ್ಬರ ಹಳೆಯ ಟ್ಯೂಬ್ ಆಂಪನ್ನು ಕೊಂಡೆ. 120 ವೋಲ್ಟಿನ ನಾಡಿನಲ್ಲಿ ಹುಟ್ಟಿದ ಅದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ನಾದದ ಬದಲು ಹೊಗೆ ಬರುತ್ತದೆಂದು ತಿಳಿದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರೊಂದನ್ನೂ ತಂದೆ. ಆಂಪಿನ ಹೊಟ್ಟೆಯೊಳಗೆ ಅಂಥವೇ ಇನ್ನೂ ಎರಡು ಇದ್ದುದರಿಂದ ಅದು ಮೂವತ್ತು ಕಿಲೋ ತೂಗುತ್ತಿತ್ತು. ಲಿಫ್ಟು ಅಂದೇ ಕೆಟ್ಟಿತ್ತು. ಮೂರನೆಯ ಮಹಡಿಯವರೆಗೆ ಹೆಗಲು ಕೊಟ್ಟ ವಾಚ್‌ಮನ್, "ಗ್ರೈಂಡರ್ರಾ ಸಾರ್?" ಎಂದು ಕೇಳಿದ.

ಸ್ವಿಚ್ ಹಾಕಿದಾಗ ಟ್ಯೂಬುಗಳೊಳಗೆ ಕೆಂಡದ ಬಣ್ಣ ಮೆಲ್ಲನೆ ಮೂಡಿತು, ಸುಟ್ಟ ಧೂಳಿನ ವಾಸನೆ ಹರಡಿತು. ಪೆನ್ಸಿಲಿನಿಂದ ಒಂದು ಟ್ಯೂಬನ್ನು ತಟ್ಟಿದರೆ ಸ್ಪೀಕರಿನಲ್ಲಿ "ಠಣ್" ಎಂದಿತು. ಅದು ಟ್ಯೂಬು ಮುದಿಯಾಗಿರುವುದರ ಲಕ್ಷಣವಿರಬಹುದೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಪುಳಕವಾಗಿತ್ತು. ಬದಲಿ ಟ್ಯೂಬುಗಳು ಈಗ ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ತಯಾರಾಗುವುದರಿಂದ ನನ್ನ ಸಂಗೀತವು ವಿದೇಶಾಂಗ ನೀತಿಯ ವ್ಯಾಪ್ತಿಗೆ ಬಂದಿತ್ತು.

ಕಷ್ಟವೆಂದರೆ, ಟ್ಯೂಬಿನ ಸಿಹಿ ಅದು ಏದುಸಿರು ಬಿಡುವಾಗ ಮಾತ್ರ ಹೊರಬರುತ್ತದೆ. ತಾಳಲಾರದಷ್ಟು ಹೊರೆ ಬಿದ್ದಾಗ ಸ್ವರದ ಅಂಚುಗಳು ಒಮ್ಮೆಲೇ ಮುರಿಯದೆ ದುಂಡಗಾಗುತ್ತವೆ. ಅದಕ್ಕೆ ವಾಲ್ಯೂಮನ್ನು ಆರಕ್ಕೆ ತಿರುಗಿಸಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದೂವರೆಗೆ ತಿರುಗಿಸಿದಾಗಲೇ ಕಾಲಿಂಗ್ ಬೆಲ್ ಮೊಳಗಿತು. ಈ ಐವತ್ತು ವಾಟಿನ ಆಂಪಿನ ಬದಲು ಐದು ವಾಟಿನದು ತಂದರೆ ಸದ್ದು ಹತ್ತನೆಯ ಒಂದು ಪಾಲಾಗುತ್ತದೆಂದು ತ್ರೈರಾಶಿ ಹಾಕಿದೆ. ಕಿವಿ ತ್ರೈರಾಶಿ ಕಲಿತಿಲ್ಲ. ಶಕ್ತಿ ಹತ್ತನೆಯ ಒಂದಕ್ಕೆ ಇಳಿದರೂ ಅದಕ್ಕೆ ಸದ್ದು ಸುಮಾರು ಅರ್ಧವಾದಂತಷ್ಟೇ ಕೇಳಿಸುತ್ತದೆ.

ಕೊನೆಗೆ ಮತಾಂತರವಾದೆ. ಗಿಟಾರ್, ಆಂಪುಗಳಿಗೆ ಹೆಸರಾದ ಫೆಂಡರ್ ಕಂಪನಿಯೇ 2019ರಲ್ಲಿ ತನ್ನ ಪ್ರಸಿದ್ಧ ಟ್ವಿನ್ ರಿವರ್ಬ್ ಟ್ಯೂಬ್ ಆಂಪಿಗೆ ಸುಮಾರು ಅರ್ಧ ತೂಕದ ಡಿಜಿಟಲ್ ಪ್ರತಿರೂಪವನ್ನು ತಂದ ಮೇಲೆ ನನ್ನಂಥವನ ಮಡಿಗೇನು ಬೆಲೆ ಎಂದುಕೊಂಡು, ಅಂಗೈಗಿಂತ ಸ್ವಲ್ಪ ದೊಡ್ಡದಾದ ಮಾಡೆಲಿಂಗ್ ಪೆಟ್ಟಿಗೆಯೊಂದನ್ನು ಒಂದೇ ಕೈಯಲ್ಲಿ ಹಿಡಿದು ತಂದೆ. ಅದರಲ್ಲಿ ನೂರಾರು ಆಂಪುಗಳಿದ್ದವು. ಅವುಗಳ ಮುಂದೆ ಇರದ ಮೈಕನ್ನು ಇರದ ಸ್ಪೀಕರಿನ ನಡುವಿನಿಂದ ಒಂದಂಗುಲ ಸರಿಸುವ ಸೌಕರ್ಯವೂ ಇತ್ತು. ಮೊದಲ ವಾರ ಬರೀ ಸರಿಸಿದೆ, ನುಡಿಸಲಿಲ್ಲ. ಎರಡನೆಯ ವಾರ ಸಾಫ್ಟ್‌ವೇರ್ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಟ್ಯೂಬು ಕರೆಂಟು ಹೋದರೆ ಬರೀ ತಣ್ಣಗಾಗುತ್ತದೆ. ಇದಕ್ಕೆ ಪ್ರಜ್ಞೆಯೇ ತಪ್ಪಿತು, ಎಚ್ಚರಿಸಲು ಮೂರು ದಿನ ಹಿಡಿಯಿತು.

ಈಗ ರಾತ್ರಿ ಹತ್ತಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಪೆಟ್ಟಿಗೆಯೊಳಗಿನ ಆಂಪಿನ ವಾಲ್ಯೂಮನ್ನು ಹತ್ತಕ್ಕೇ ಇಟ್ಟು ಗುಡುಗುತ್ತೇನೆ. ಹೊರಗಿನವರಿಗೆ ತಂತಿಯ ಟಿಂಯ್ ಟಿಂಯ್ ಸದ್ದೂ, ನಾನು ನನಗರಿವಿಲ್ಲದೆ ಎಳೆಯುವ ರಾಗವೂ ಮಾತ್ರ ಕೇಳಿಸುತ್ತವೆಂದು ಹೆಂಡತಿ ಹೇಳುತ್ತಾಳೆ. ಟ್ಯೂಬ್ ಆಂಪು ಮೂಲೆಯಲ್ಲಿ ಮಡಚಿದ ಬಟ್ಟೆಗಳನ್ನು ಹೊತ್ತು ನಿಂತಿದೆ. ಮೊನ್ನೆ ಕೆಳಗಿನ ಮನೆಯ ಹಿರಿಯರು ಲಿಫ್ಟಿನಲ್ಲಿ ಸಿಕ್ಕರು. ಗಿಟಾರ್ ನಿಲ್ಲಿಸಿದ್ದಕ್ಕೆ ಮನಸಾರೆ ಧನ್ಯವಾದ ಹೇಳಿದರು, ಆಮೇಲೆ ಸಂಕೋಚದಿಂದ, "ಆದರೆ ನಡುರಾತ್ರಿಯಲ್ಲಿ ಅದೇನು ಕುಟ್ಟುತ್ತೀರಿ, ಖಾರದಪುಡಿಯೇ?" ಎಂದು ಕೇಳಿದರು. ನಾನು ಎಡಗಾಲಿನಲ್ಲಿ ತಾಳ ಹಾಕುತ್ತೇನೆಂಬುದು ನನಗೆ ಆಗಲೇ ಗೊತ್ತಾದದ್ದು.